ಹುಲಗಮ್ಮನ ಹೆಸರು

ಯಲಬುರ್ಗಾ
೧೫ ಜುಲೈ ೨೦೦೪, ಗುರುವಾರ

ಮುದ್ದಿನ ಮೊಮ್ಮಗಳು ವಾಣಿಶ್ರೀಗೆ ಅಜ್ಜನ ಆಶೀರ್ವಾದಗಳು.

ಕಾಮಣಿ ಎಷ್ಟು ಇಳಿದಿದೆ ಮಗಳೇ? ಕಣ್ಣಿನ ಹಳದಿ ಹೋಯಿತೇ? ಗಂಗಾವತಿಯಲ್ಲಿ ನಿನ್ನ ಸೋದರಮಾವನ ಮನೆಯವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಗೊತ್ತಿದ್ದರೂ ನಿನ್ನ ಅಜ್ಜಿ ದಿನಕ್ಕೆ ಮೂರು ಸಲ ನಿನ್ನ ಸುದ್ದಿ ತೆಗೆಯುತ್ತಾಳೆ. ಕರಿದದ್ದು ಮುಟ್ಟಬೇಡ, ಮಿರ್ಚಿ ಅಂಗಡಿ ಕಂಡರೆ ಮುಖ ತಿರುಗಿಸು ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ. ನಾವಿಬ್ಬರೂ ಆರಾಮ. ನನ್ನ ಮೊಣಕಾಲಿನ ನೋವು ಇದ್ದದ್ದೇ.

ನೀನು ಹಾಸಿಗೆ ಹಿಡಿದ ಮೇಲೆ ನಿಮ್ಮ ಭಾನುವಾರದ ಕೆಲಸ ನಿಲ್ಲಬಾರದೆಂದು ನಿನ್ನ ಕಾಲೇಜಿನ ಗವಿಸಿದ್ದೇಶ, ಮೆಹರುನಬಿ ಇಬ್ಬರೂ ಮನೆಗೆ ಬಂದಿದ್ದರು. ಶಾಲೆಗೆ ಹೋಗದ ಮಕ್ಕಳ ಮನೆ ಹುಡುಕಿ, ತಂದೆತಾಯಿಯನ್ನು ಒಪ್ಪಿಸಿ, ಮಾರನೆಯ ದಿನ ನೀವೇ ಕರೆದೊಯ್ದು ಹೆಸರು ಹಚ್ಚಿಸುವ ನಿಮ್ಮ ಹುಚ್ಚನ್ನು ಕಂಡು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ನಿನಗೆ ಎಂದೂ ಹೇಳಿರಲಿಲ್ಲ ಅಷ್ಟೆ. ಕುಕನೂರಿನಲ್ಲಿ ಹುಲಗಮ್ಮ ಎಂಬ ಕೂಲಿಯ ಹೆಂಗಸು ಎರಡು ವಾರದಿಂದ ಮಗಳನ್ನು ಕಳಿಸಲು ಒಪ್ಪುತ್ತಿಲ್ಲವಂತೆ. “ಅಜ್ಜಾರ, ನೀವು ಆ ಊರಾಗ ಎಂಟು ವರ್ಷ ಹೆಡ್‌ಮಾಸ್ತರ ಆಗಿದ್ರಿ. ನಿಮ್ಮ ಮಾತಿಗೆ ತೂಕ ಐತ್ರಿ, ಒಮ್ಮಿ ಬರ್ರಿ” ಎಂದ ಗವಿಸಿದ್ದೇಶ. ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ಸು ಹತ್ತಿದೆ. ಇದನ್ನೂ ಬರೆಯುತ್ತಿದ್ದೇನೆ, ಎಷ್ಟು ಠೀವಿಯಿಂದ ಹೊರಟಿದ್ದೆ ಎಂದು ನಿನಗೆ ತಿಳಿಯಲಿ.

ಹುಲಗಮ್ಮ ಮೂವತ್ತು ದಾಟಿದ ಹೆಂಗಸು. ನನ್ನ ಮುಖವನ್ನು ಎರಡೆರಡು ಸಲ ನೋಡಿದಳು, ಆಮೇಲೆ ಕಂಬಳಿ ಹಾಸಿ ನೀರು ತಂದುಕೊಟ್ಟಳು. ಮಗಳು ದುರ್ಗಾದೇವಿಗೆ ಒಂಬತ್ತು ವರ್ಷ. ಹತ್ತು ತಿಂಗಳ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು ಹುಡುಗಿ. ನಾನು ವಿದ್ಯೆಯ ಮಹತ್ವವನ್ನು ಕಾಲು ಗಂಟೆ ಹೇಳಿದೆ. ಹುಲಗಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಲೇ ಕೇಳಿದಳು. ನಾನು ಮುಗಿಸಿದ ಮೇಲೆ ತಲೆ ಎತ್ತದೆ ಹೇಳಿದಳು. ಅವಳ ಮಾತು ಇನ್ನೂ ನನ್ನ ಕಿವಿಯಲ್ಲಿದೆ, ಹಾಗೆಯೇ ಬರೆಯುತ್ತೇನೆ.

“ಸಾಲಿ ಅಂದ್ರ ಏನಂತ ನನಗ ಗೊತ್ತೈತ್ರಿ. ಮೂರನೇತ್ತಾ ತನಕ ಹೋಗೀನಿ. ನಮ್ಮವ್ವ ಕೂಲಿಗೆ ಹೋಗಾಕಿ, ನಾನು ತಮ್ಮನ್ನ ಎತಗೊಂಡ ಸಾಲಿಗೆ ಹೋಗ್ತಿದ್ನಿ. ಒಂದಿನ ಕೂಸು ಭಾಳ ಅತ್ತಿತ್ರಿ. ಮಾಸ್ತರ ಬಂದು, ಇದೇನು ಸಾಲಿನೋ ತೊಟ್ಟಲಮನಿನೋ ಅಂದ್ರು. ಕೂಸಿನ್ನ ಬಿಟ್ಟು ಬಾ, ಇಲ್ಲಾಂದ್ರ ಬರಬ್ಯಾಡ ಅಂದ್ರು. ನಾಕು ದಿನ ಹೊರಗ ಕಟ್ಟಿ ಮ್ಯಾಲ ಕುಂತು ಕಿಟಕಿಯಿಂದ ಮಗ್ಗಿ ಕೇಳಿದ್ನಿ. ಐದನೇ ದಿನ ಹಾಜರಿ ಕೂಗೋದರಾಗ ನನ್ನ ಹೆಸರು ಬರಲಿಲ್ರಿ.”

ನಿನ್ನ ಮೆಹರುನಬಿಗೆ ಸಿಟ್ಟು ಬಂತು. “ಯಾರಕ್ಕಾ ಆ ಮಾಸ್ತರ? ಇನ್ನೂ ಅದಾರೇನು?” ಎಂದು ಕೇಳಿಬಿಟ್ಟಳು.

“ಇಲ್ಲೇ ಕುಂತಾರಲ್ಲವ್ವಾ, ನಿಮ್ಮ ಜೋಡೀನ ಬಂದಾರ” ಎಂದಳು ಹುಲಗಮ್ಮ.

ವಾಣೀ, ನನ್ನ ಕೈಯಲ್ಲಿದ್ದ ತಂಬಿಗೆಯ ನೀರು ಧೋತರದ ಮೇಲೆ ಚೆಲ್ಲಿದ್ದು ನನಗೇ ಗೊತ್ತಾಗಲಿಲ್ಲ. ನಾನು ಆ ಮುಖದಲ್ಲಿ ಎಂಟು ವರ್ಷದ ಹುಡುಗಿಯನ್ನು ಹುಡುಕಿದೆ, ಸಿಗಲಿಲ್ಲ. ಬಹುಮಾನ ಗೆದ್ದವರು, ನನ್ನ ಕೈಯಲ್ಲಿ ಏಟು ತಿಂದವರು, ಆಮೇಲೆ ನೌಕರಿ ಹಿಡಿದು ಪೇಡೆ ತಂದುಕೊಟ್ಟವರು, ಎಲ್ಲರ ಹೆಸರೂ ನೆನಪಿದೆ. ಒಬ್ಬಳ ಇಡೀ ಬದುಕನ್ನು ಬೇರೆ ದಾರಿಗೆ ತಿರುಗಿಸಿದ ಆ ದಿನ ಮಾತ್ರ ನನ್ನ ತಲೆಯಲ್ಲಿ ಎಲ್ಲೂ ಇಲ್ಲ. ಆಕೆ ಹೇಳಿದ್ದು ಸುಳ್ಳಾಗಿರಬಹುದೇ ಎಂದು ಒಂದು ಕ್ಷಣ ಆಸೆ ಪಟ್ಟೆ. ಆದರೆ ತೊಟ್ಟಲಮನಿ ಎಂಬ ಮಾತು ನನ್ನದೇ. ನಿನ್ನ ಅಪ್ಪ ಚಿಕ್ಕವನಿದ್ದಾಗ ಮನೆಯಲ್ಲೂ ಹಾಗೇ ಗದರುತ್ತಿದ್ದೆ, ಅಜ್ಜಿಯನ್ನು ಕೇಳು.

ತಪ್ಪಾಯಿತು ತಾಯಿ ಎಂದೆ. ಆಕೆ ಮೊರ ಕೆಳಗಿಟ್ಟಳು. “ಅದು ಹೋಗ್ಲಿ ಬಿಡ್ರಿ. ಈಕೀ ಹೆಸರು ಹಚ್ಚತೀರಿ, ನಾ ಕೂಲಿಗೆ ಹೋದ ಮ್ಯಾಲ ಕೂಸು ಈಕೀ ಕೈಯಾಗ ಇರತೈತಿ. ಅದು ಅತ್ತರ ಮತ್ತ ಹೆಸರು ತಗೀತಾರೇನು? ಅದನ್ನ ಹೇಳ್ರಿ ಮೊದಲ.” ಶಾಲೆಯಲ್ಲಿ ಕೇಳಿಕೊಂಡು ಬರುತ್ತೇವೆ ಎಂದು ಹೇಳಿ ಎದ್ದು ಬಂದೆವು.

ಸೋಮವಾರ ನಾವು ಮೂವರೂ ಆ ಶಾಲೆಗೆ ಹೋದೆವು. ಈಗಿನ ಮುಖ್ಯೋಪಾಧ್ಯಾಯಿನಿ ಚಿಕ್ಕ ವಯಸ್ಸಿನವಳು. ವಿಷಯ ಹೇಳುತ್ತಿದ್ದಂತೆ ತರಗತಿಯ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಹಳೆಯ ಸೀರೆಯ ಜೋಳಿಗೆಯಲ್ಲಿ ಒಂದು ಮಗು ಮಲಗಿತ್ತು. “ನಂದ ರೀ ಅದು. ಅದರ ಜೋಡಿ ಇನ್ನೊಂದು ಇರಲಿ ಬಿಡ್ರಿ, ಅತ್ತರ ಎತಗೊಂಡು ಪಾಠ ಮಾಡಿದ್ರಾತು” ಎಂದಳು. ಅಷ್ಟೇ ವಾಣೀ. ಅಷ್ಟೇ ಸಾಕಾಗಿತ್ತು. ನಾನು ಮಾಡಬಹುದಾಗಿದ್ದುದು ಇಷ್ಟು ಸಣ್ಣದಾಗಿತ್ತು ಎಂಬುದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಂಗುಬಡಿಸಿತು. ಗವಿಸಿದ್ದೇಶ ಹೋಗಿ ಸುದ್ದಿ ಮುಟ್ಟಿಸಿದ. ಮಧ್ಯಾಹ್ನದ ಊಟದ ಹೊತ್ತಿಗೆ ಹುಲಗಮ್ಮ ಮಗಳ ಕೈ ಹಿಡಿದು ತಾನೇ ಬಂದಳು. ಹೆಸರು ಬರೆಯುವಾಗ ಮೇಜಿನ ಪಕ್ಕದಲ್ಲೇ ನಿಂತು, ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ನೋಡಿಯೇ ಹೊರಟಳು. ನನ್ನ ಕಡೆ ತಿರುಗಲಿಲ್ಲ.

ನೀನು ಪೂರಾ ಗುಣವಾದ ಮೇಲೆಯೇ ಬಾ, ಅವಸರ ಬೇಡ. ಹೇಮಗುಡ್ಡದ ದುರ್ಗಮ್ಮ ನಿನಗೆ ಆಯುಷ್ಯ, ಆರೋಗ್ಯ ಕೊಡಲಿ. ಮಾವ, ಅತ್ತೆಗೆ ನಮ್ಮ ನಮಸ್ಕಾರ ತಿಳಿಸು, ಅವರ ಮಕ್ಕಳಿಗೆ ಆಶೀರ್ವಾದ.

ನಿನ್ನ ಅಜ್ಜ
ಹಂಪಣ್ಣ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಿನ್ನೆ ಒಬ್ಬನೇ ಮತ್ತೆ ಕುಕನೂರಿಗೆ ಹೋಗಿ ಆ ಕಾಲದ ದಾಖಲಾತಿ ಪುಸ್ತಕ ತೆಗೆಸಿದೆ. ಹುಲಗಮ್ಮನ ಹೆಸರಿನ ಮೇಲೆ ಕೆಂಪು ಗೆರೆ ಇದೆ. ಶಾಲೆ ಬಿಟ್ಟ ಕಾರಣ: ಪಾಲಕರು ಊರು ಬಿಟ್ಟಿದ್ದಾರೆ. ಅಕ್ಷರ ನನ್ನದು. ಹುಲಗಮ್ಮನ ತಂದೆತಾಯಿ ಒಂದು ದಿನವೂ ಊರು ಬಿಟ್ಟವರಲ್ಲ. ಪುಟ ತಿರುವಿದೆ. ಅದೇ ಕಾರಣ, ಅದೇ ಅಕ್ಷರ, ಇನ್ನೂ ಹದಿನೇಳು ಮಕ್ಕಳ ಹೆಸರಿನ ಮುಂದೆ. ಅವರಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು. ಗವಿಸಿದ್ದೇಶ, ಮೆಹರುನಬಿಗೆ ಇನ್ನೂ ಗೊತ್ತಿಲ್ಲ. ಭಾನುವಾರ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ನನ್ನಿಂದಲೇ ತಿಳಿಯಲಿ.