ಅಳತೆಪಟ್ಟಿಯ ಮೇಲೆ ಕಾಫಿ ಲೋಟ

ಆಖೆನ್
ನವೆಂಬರ್ ೩

ಪೀಪಾಯಿಯೇರಿ ಪ್ರಾಸ ಹೊಸೆಯುವ ಪರಮಪೂಜ್ಯ ಪಿತಾಶ್ರೀಯವರೇ, ಮುಂದಿನ ಸಾಲಿನ ಮಹನೀಯರೇ, ಹಿಂದಿನ ಸಾಲಿನಲ್ಲಿ ಬಿಯರಿಗೆ ಕಾದು ಬಾಯಾರಿದ ಮಹಾಜನರೇ, ಲಕ್ಷ್ಯವಿಟ್ಟು ಲಾಲಿಸಬೇಕು:

ಸೇತುವೆ ಕಟ್ಟಲು ಹೊರಟವಳ ಕಥೆಯನು ಕೇಳಿ,
ಮಾತಿಗೆ ಕರೆದರೆ ಬಾಯಿಗೆ ಬೀಗ, ಕಳೆದಿದೆ ಕೀಲಿ!

(ಇಲ್ಲಿ ತುತ್ತೂರಿಯವರು ಒಮ್ಮೆ ಊದಬೇಕು.)

ಪ್ರೀತಿಯ ಅಪ್ಪ,

ಪ್ರತಿ ಕಾರ್ನಿವಲ್‌ನಲ್ಲೂ ನೀನು ಕೋಡಂಗಿ ಟೋಪಿ ಹಾಕಿ, ಪೀಪಾಯಿಯ ಮೇಲೆ ನಿಂತು ಊರನ್ನೆಲ್ಲ ಪ್ರಾಸದಲ್ಲಿ ಹುರಿದು ಮುಕ್ಕುವುದನ್ನು ನೋಡುತ್ತಲೇ ಬೆಳೆದವಳು ನಾನು. ನೇರವಾಗಿ ಹೇಳಲಾಗದ್ದನ್ನು ಹಾಗೆ ಹೇಳಬಹುದು ಎಂದು ಕಲಿಸಿದವನೂ ನೀನೇ. ಎರಡು ವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ಎತ್ತದೆ ಕೂತದ್ದಕ್ಕೆ ಕ್ಷಮಿಸು. ಫೋನ್ ಕೆಟ್ಟಿರಲಿಲ್ಲ. ಕೆಟ್ಟದ್ದು ಬೇರೆ.

ನಿನ್ನ ಸೊಂಟ ಹೇಗಿದೆ? ವೆಲ್ಡಿಂಗ್ ಮಾಡುವಾಗ ಮೊಣಕಾಲೂರಿ ಕೂರಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಬಿಡು. ಅಜ್ಜಿ ಕಳಿಸಿದ ಪ್ಲಮ್ ಜಾಮ್ ತಲುಪಿತು. ಇಲ್ಲಿ ಚಳಿ ಹಿಡಿದಿದೆ. ಈಗ ವಿಷಯಕ್ಕೆ ಬರುತ್ತೇನೆ. ಬಂದೆ. ನಾನು ಫೇಲಾದೆ.

ಮೆಕ್ಯಾನಿಕ್ಸ್ ಬರವಣಿಗೆಯ ಪರೀಕ್ಷೆಯಲ್ಲಿ ಮೂರನೆಯ ಸಲ ಬಿದ್ದದ್ದು ನಿನಗೆ ಗೊತ್ತೇ ಇತ್ತು. ಈಗ ಬಿದ್ದದ್ದು ಅದಾದ ಮೇಲೆ ಕರುಣೆಯಿಂದ ಕೊಡುವ ಮೌಖಿಕದಲ್ಲಿ. ಇದರಲ್ಲೂ ಹೋದರೆ ಈ ಊರಿನಲ್ಲಷ್ಟೇ ಅಲ್ಲ, ಜರ್ಮನಿಯ ಯಾವ ಯೂನಿವರ್ಸಿಟಿಯಲ್ಲೂ ಮತ್ತೆ ಸೇತುವೆ ಕಟ್ಟುವ ಓದಿಗೆ ಸೇರುವಂತಿಲ್ಲ. ಬಾಗಿಲು ಮುಚ್ಚಿತು, ಚಿಲಕ ಆಚೆ ಕಡೆಗಿದೆ.

ನನ್ನ ಜೊತೆ ಒಂದೇ ಅಡುಗೆಮನೆ ಬಳಸುವ ಎಮ್ರೆ ನೆನಪಿದ್ದಾನಲ್ಲ, ಈಸ್ಟರ್‌ಗೆ ಬಂದು ನೀನು ಕರಿದ ಆಲೂಗಡ್ಡೆ ರೊಟ್ಟಿಯನ್ನೆಲ್ಲ ಒಬ್ಬನೇ ಖಾಲಿ ಮಾಡಿದವನು? ಹಿಂದಿನ ದಿನ ಅವನು ನನಗೆ ಧೈರ್ಯ ಹೇಳಿದ್ದು ಹೀಗೆ: “ಲೇ ರೀಕ, ಇದು ಪರೀಕ್ಷೆ ಅಲ್ಲ ಕಣೆ, ಪ್ರಾಯಶ್ಚಿತ್ತ. ಹೋಗ್ತೀಯ, ತಲೆ ತಗ್ಗಿಸ್ಕೊಂಡು ಕೂರ್ತೀಯ, ಪಾಸಾಗಿ ಬರ್ತೀಯ. ಇದ್ರಲ್ಲಿ ಫೇಲಾಗ್ಬೇಕಂದ್ರೆ ತುಂಬಾ ಕಷ್ಟಪಡ್ಬೇಕು.”

ಕಷ್ಟಪಟ್ಟೆ, ಅಪ್ಪ.

ಪ್ರೊಫೆಸರ್ ಲೆನ್ನಾರ್ಟ್ಸ್ ಒಳ್ಳೆಯ ಮನುಷ್ಯ. ಇಲ್ಲಿ ಯಾರನ್ನೂ ಮುಳುಗಿಸಲು ಕೂತಿಲ್ಲ ಎಂದು ಶುರುವಿನಲ್ಲೇ ಹೇಳಿದರು. ಪಕ್ಕದಲ್ಲಿ ಸಾಕ್ಷಿಗೆಂದು ಡಾಕ್ಟರ್ ಹೋಲ್ಟ್‌ಕಾಂಪ್ ಎಂಬಾಕೆ ಕೂತಿದ್ದರು. ನಡೆದದ್ದನ್ನು ಬರೆದುಕೊಳ್ಳುವುದಷ್ಟೇ ಅವರ ಕೆಲಸ, ಮಾತಾಡುವಂತಿಲ್ಲ. ಮೊದಲ ಪ್ರಶ್ನೆಗೆ ಅರ್ಧ ಹೇಳಿದೆ. ಎರಡನೆಯದಕ್ಕೆ ತಪ್ಪು ಹೇಳಿದೆ. ಅಲ್ಲಿಂದ ಪ್ರಶ್ನೆಗಳು ಬಿಸಿನೀರಲ್ಲಿ ಒಗೆದ ಸ್ವೆಟರಿನಂತೆ ಕುಗ್ಗುತ್ತಾ ಬಂದವು. ಕೊನೆಗೆ ಪ್ರೊಫೆಸರು ಎರಡು ದಪ್ಪ ಪುಸ್ತಕಗಳನ್ನು ದೂರ ದೂರ ಇಟ್ಟು, ಅವುಗಳ ಮೇಲೆ ಮರದ ಅಳತೆಪಟ್ಟಿಯನ್ನು ಅಡ್ಡ ಹಾಸಿ, ತಮ್ಮ ಕಾಫಿ ಲೋಟವನ್ನು ತಂದು ಅದರ ಮೇಲೆ ಇಟ್ಟರು.

“ನೋಡಿ ನೀಸನ್ ಅವರೇ, ಇದು ಸೇತುವೆ. ಇದು ಲಾರಿ, ಸರಿಯಾಗಿ ನಡುವೆ ನಿಂತಿದೆ. ಈ ಕಡೆ ಆಸರೆ ಎಷ್ಟು ಭಾರ ಹೊರತ್ತೆ, ಆ ಕಡೆದು ಎಷ್ಟು?”

ನಾನು ಲೋಟವನ್ನೇ ನೋಡುತ್ತಿದ್ದೆ. ಅದರ ಮೇಲೆ ಒಂದು ಬಾತುಕೋಳಿಯ ಚಿತ್ರವಿತ್ತು.

“ಯೋಚನೆ ಮಾಡ್ಬೇಡಿ,” ಎಂದರು ಪ್ರೊಫೆಸರು, ಹೆಚ್ಚುಕಡಿಮೆ ಬೇಡಿಕೊಳ್ಳುವ ದನಿಯಲ್ಲಿ. “ಸುಮ್ನೆ ಹೇಳ್ಬಿಡಿ, ಸಾಕು.”

ಮಾತಾಡಬಾರದ ಹೋಲ್ಟ್‌ಕಾಂಪ್ ಪೆನ್ನು ಕೆಳಗಿಟ್ಟು, ನಿಯಮ ಮುರಿದು, ಎರಡೂ ಅಂಗೈಗಳನ್ನು ಸಮಕ್ಕೆ ಎತ್ತಿ ತಕ್ಕಡಿಯಂತೆ ಹಿಡಿದರು. ಏನು ಹೇಳಲಿ ಅಪ್ಪ, ನನ್ನ ತಲೆ ತೊಳೆದು ಬೋರಲು ಹಾಕಿದ ಬಕೆಟ್ಟಿನಂತೆ ಖಾಲಿಯಾಗಿತ್ತು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಬೀಗ ಹಾಕುವ ಸದ್ದು ಕೇಳಿಸಿತು. ಪ್ರೊಫೆಸರು ಕನ್ನಡಕ ತೆಗೆದು, “ಈ ಪ್ರಶ್ನೇನ ನಾನು ವರ್ಷ ವರ್ಷ ಕೇಳ್ತೀನಿ...” ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಸೇತುವೆಯ ಮೇಲಿನ ಲಾರಿಯನ್ನು ಎತ್ತಿ, ಆರಿದ ಕಾಫಿಯನ್ನು ಕುಡಿದರು. ನನ್ನ ಮುಖಕ್ಕಿಂತ ಅವರದೇ ಹೆಚ್ಚು ಬಾಡಿತ್ತು.

ಹೊರಗೆ ಎಮ್ರೆ ವೈನ್ ಬಾಟಲಿ ಹಿಡಿದು, ಪಾಸಾದವಳಿಗೆ ತೊಡಿಸಲೆಂದು ಹಳೆಯ ಡಬ್ಬದ ರಟ್ಟಿನಿಂದ ಮಾಡಿದ ಎಂಜಿನಿಯರ್ ಟೋಪಿಯೊಂದಿಗೆ ಕಾದಿದ್ದ. ನಾನು ಬಾಯಿ ಬಿಡುವ ಮೊದಲೇ ಟೋಪಿ ನನ್ನ ತಲೆಗೇರಿತು. ಹೇಳಿದೆ. ತಮಾಷೆ ಮಾಡಬೇಡ ಎಂದ. ಮತ್ತೆ ಹೇಳಿದೆ. ಅವನು ಬಾಟಲಿಯನ್ನು ಕೋಟಿನ ಒಳಗೆ ಬಚ್ಚಿಟ್ಟುಕೊಂಡ, ಏನೋ ಕದ್ದವನ ಹಾಗೆ. ಟೋಪಿ ತೆಗೆಯುವುದು ಇಬ್ಬರಿಗೂ ಹೊಳೆಯಲಿಲ್ಲ. ಬಸ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಟೋಪಿ ನೋಡಿ ನನ್ನ ಕೈ ಕುಲುಕಿ, ನಿಮ್ಮ ತಂದೆತಾಯಿ ಪುಣ್ಯವಂತರು ಎಂದರು. ಥ್ಯಾಂಕ್ಸ್ ಎಂದೆ. ಇನ್ನೇನು ಹೇಳುವುದು?

ಆಮೇಲೆ ಎಲ್ಲರ ಬಳಿಯೂ ಒಂದೊಂದು ವಿವರಣೆ ಸಿಕ್ಕಿತು, ನನ್ನೊಬ್ಬಳ ಬಳಿ ಬಿಟ್ಟು. ನಾನು ಬೆಳಗ್ಗೆ ಏನೂ ತಿನ್ನದೆ ಹೋದದ್ದೇ ತಪ್ಪು ಎಂದು ಎಮ್ರೆ. ಇದು ಭಯ, ಎಷ್ಟೋ ಜನರಿಗೆ ಆಗುತ್ತದೆ ಎಂದು ಯೂನಿವರ್ಸಿಟಿಯ ಸಲಹೆಗಾರ್ತಿ. ಜೊತೆಗೆ ಒಂದು ಪುದೀನ ಚಹಾ ಕೊಟ್ಟರು. ಪರೀಕ್ಷೆಗೆ ಮೊದಲು ಅಜ್ಜಿ ನನಗಾಗಿ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದ್ದು ಸಂತ ಅಂತೋನಿಯ ಮುಂದೆ ಅಂತಲ್ಲ? ಅವನು ಕಳೆದುಹೋದದ್ದನ್ನು ಹುಡುಕಿಕೊಡುವವನು. ಇನ್ನೂ ಹುಡುಕುತ್ತಿರಬೇಕು.

ಈ ಕಾಗದ ಇಷ್ಟು ಅವಸರದಲ್ಲಿ ಬರೆಯಲು ಕಾರಣ ಆ ಫಲಕ. ಹನ್ನೊಂದನೆಯ ತಾರೀಖು, ಕಾರ್ನಿವಲ್ ಶುರುವಾಗುವ ದಿನ, ನೀನು ವರ್ಕ್‌ಶಾಪಿನ ಮುಂದೆ ಊರವರನ್ನೆಲ್ಲ ಸೇರಿಸಿ, ಪೀಪಾಯಿ ಏರಿ, ಅದರ ಬಟ್ಟೆ ಸರಿಸುವವನಿದ್ದೀಯ: ‘ನೀಸನ್ ಮತ್ತು ಮಗಳು. ಮೆಟ್ಟಿಲು, ಕಟಾಂಜನ, ಸಣ್ಣ ಸೇತುವೆಗಳು.’ ನಾವು ಈವರೆಗೆ ಒಂದು ಸಣ್ಣ ಸೇತುವೆಯನ್ನೂ ಕಟ್ಟಿಲ್ಲ. ಅದನ್ನು ನೀನು ನನ್ನ ಲೆಕ್ಕಕ್ಕೆ ಸೇರಿಸಿದ್ದು. ಎಂಜಿನಿಯರ್ ಮಗಳ ಮೇಲೆ ಪ್ರಾಸ ಕಟ್ಟಿ ಮುಗಿಸಿರುತ್ತೀಯ ಎಂಬುದೂ ನನಗೆ ಗೊತ್ತು. ದಯವಿಟ್ಟು ಬಟ್ಟೆ ತೆಗೆಯಬೇಡ. ಈ ಸಲ ಪಾದ್ರಿಯ ಹೊಸ ಕಾರನ್ನು ಬೈದು ಇಳಿದುಬಿಡು. ಜನ ನಗುತ್ತಾರೆ.

ಮುಂದೇನು ಎಂದು ಕೇಳಬೇಡ. ಒಂದು ಹೊತ್ತು ಅಳು ಬರುತ್ತದೆ, ಇನ್ನೊಂದು ಹೊತ್ತು ಚೆನ್ನಾಗಿ ಹಸಿವಾಗುತ್ತದೆ. ರಾಶಿ ಬಿದ್ದ ಮೆಕ್ಯಾನಿಕ್ಸ್ ಪುಸ್ತಕಗಳನ್ನು ಒಮ್ಮೆ ಕಟ್ಟಿಡುತ್ತೇನೆ, ಮತ್ತೆ ಬಿಚ್ಚುತ್ತೇನೆ. ನಿನ್ನೆ ಸುಮ್ಮನೆ ಕೂತು ಒಂದು ಲೆಕ್ಕ ಬಿಡಿಸಿದೆ, ಸರಿಯಾಗಿ ಬಂತು. ಇದಕ್ಕೆ ಏನು ಹೇಳುತ್ತೀಯ?

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ. ಅಜ್ಜಿಗೆ ನೀನೇ ಹೇಳು, ಮೆಲ್ಲಗೆ. ದೇವರು ನಿನ್ನ ಬೆನ್ನನ್ನೂ ನಿನ್ನ ಪ್ರಾಸವನ್ನೂ ಕಾಯಲಿ.

ನಿನ್ನ
ರೀಕ

ಮರೆತ ಮಾತು: ತುತ್ತೂರಿಯವರು ಮನೆಗೆ ಹೋಗಲಿ. ಅಪ್ಪ, ಉತ್ತರ ನನಗೆ ಗೊತ್ತಿತ್ತು. ಅರ್ಧ, ಅರ್ಧ. ಲೋಟ ಇಡುವ ಮೊದಲೇ ಗೊತ್ತಿತ್ತು. ಬಕೆಟ್ಟು, ಭಯ, ಸಂತ ಅಂತೋನಿ, ಎಲ್ಲ ಸುಳ್ಳು. ಉತ್ತರ ನಾಲಿಗೆಯ ತುದಿಯಲ್ಲೇ ಕೂತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಯಾಕೆ ಎಂದರೆ ನನಗೂ ಗೊತ್ತಿಲ್ಲ. ಈ ಓದು ನನಗೆ ಬೇಡವಾಗಿತ್ತೇ? ಅದೂ ಗೊತ್ತಿಲ್ಲ. ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ, ಹಾಗಾಗಿ ನಾನೂ ಯೋಚಿಸಿರಲಿಲ್ಲ. ಫಲಕ ಬರೆಸುವ ದಿನ ನೀನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಮಗಳು’ ಅನ್ನೋದಕ್ಕೆ ಯಾವ ಬಣ್ಣ ಇರಲಿ ಎಂದು. ನಾನು ನೀಲಿ ಎಂದೆ.