ಅಪ್ಪನ ಸ್ಕ್ಯಾನರ್‌ಗೆ ಹೊಸ ಬ್ಯಾಟರಿ

ಅಪ್ಪಾ,

ನಿನ್ನ ರೇಡಿಯೊ ಸ್ಕ್ಯಾನರ್‌ನ ಹಳೇ ಬ್ಯಾಟರಿಗಳಲ್ಲಿ ಚಾರ್ಜ್ ನಿಲ್ಲುತ್ತಿರಲಿಲ್ಲ. ತೆಗೆದು ಹೊಸವನ್ನು ಹಾಕಿದ್ದೇನೆ. ಚಾರ್ಜರ್‌ನಲ್ಲಿ ಹಸಿರು ದೀಪ ಹತ್ತಿದರೆ ತೆಗೆದಿಡು. ಹಳೆಯವನ್ನು ಬಿಸಿಲಿಗಿಟ್ಟು ಜೀವ ತುಂಬಲು ಹೋಗಬೇಡ, ದಮ್ಮಯ್ಯ!

ನಿನ್ನೆ ನಾವು ಗೋದಾಮಿನ ಬೆಂಕಿ ಆರಿಸುವಾಗ, ವಯರ್‌ಲೆಸ್‌ನಲ್ಲಿ ನಾನಾಡುವ ಮಾತನ್ನು ಮನೆಯಲ್ಲಿ ನಿನಗೆ ಕೇಳಿಸುತ್ತಿದ್ದ ಸ್ಕ್ಯಾನರ್ ನಡುವೆಯೇ ಸತ್ತಿತು. ನೀನು ಬರಿಗಾಲಲ್ಲಿ ಅಗ್ನಿಶಾಮಕ ಠಾಣೆಗೆ ಓಡಿಬಂದೆ. ನಾವು ಬೆಂಕಿ ಆರಿಸಿ ವಾಪಸ್ ಬಂದಿಳಿದಾಗ ನೀನು, "ನಿನ್ನ ದನಿ ನಿಂತೇಹೋಯ್ತಲ್ಲೇ" ಅಂದೆ. ಬಯ್ಯಬೇಕೆಂದು ಬಾಯಿ ತೆರೆದವಳು, ಠಾಣೆಯಲ್ಲಿದ್ದ ನನ್ನ ಚಪ್ಪಲಿ ತಂದು ನಿನ್ನ ಕಾಲಿಗೆ ಹಾಕಿದೆ.

ಇನ್ನು ಮೇಲೆ ಬೆಂಕಿ ಆರಿದ ಕೂಡಲೇ "ಎಲ್ಲರೂ ಕ್ಷೇಮ, ವಾಪಸ್ ಬರ್ತಿದೀವಿ" ಅಂತ ನಾನೇ ವಯರ್‌ಲೆಸ್‌ನಲ್ಲಿ ಹೇಳುತ್ತೇನೆ. ಠಾಣೆಯವರು ತಮಗೆ ಹೇಳಿದ್ದು ಅಂದುಕೊಳ್ಳಲಿ. ನೀನು ಕೇಳಿಸಿಕೊಂಡು, ಊಟ ಮಾಡಿ, ನನಗಾಗಿ ಕಾಯದೆ ಮಲಗು.

ನಿನ್ನ ಬೆಂಕಿಪೊಟ್ಟಣ