ಮಚ್ಚೆಯಲ್ಲಿ ಉಳಿದದ್ದು

ಬನ್‌ಕಟವಾ, ಸಾರಣ ಜಿಲ್ಲೆ
೧೪ ಫೆಬ್ರವರಿ ೨೦೧೩

ರಾಮಸಖಿ ದೀದಿಗೆ ನಿನ್ನ ತಂಗಿ ಕುಸುಮಿಯ ಪ್ರಣಾಮ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೋ. ಲುಧಿಯಾನದಿಂದ ನೀನು ಫೋನ್ ಮಾಡಿದಾಗಲೂ ಎಮ್ಮೆಯ ನೆಪ ಹೇಳಿ ಇಟ್ಟುಬಿಡುತ್ತಿದ್ದೆ.

ನನ್ನ ಮುಖದ ಬಿಳಿ ಮಚ್ಚೆಗಳು ಗೊತ್ತಲ್ಲ, ಅವು ಗಲ್ಲಕ್ಕೂ ಹಬ್ಬಿ, ತುಟಿಯ ಸುತ್ತ ಗಂಟುಗಳೆದ್ದವು. ಅತ್ತೆ "ಇದು ಕುಷ್ಠ ಕಣೇ, ತಟ್ಟೆ ಬೇರೆ ಇಟ್ಕೋ" ಅಂದರು. ಕೊನೆಗೆ ಇವರು ಛಪ್ರಾದ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಆಕೆ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದಳು.

"ಗೊತ್ತಾಗ್ತದಾ?"

"ಕಚಗುಳಿ ಆಗ್ತದೆ."

"ಹಾಗಾದ್ರೆ ಕುಷ್ಠ ಅಲ್ಲ ಬಿಡು." ಆಮೇಲೆ ಚರ್ಮ ಕೆರೆದು ಪರೀಕ್ಷೆ ಮಾಡಿಸಿ, "ನಾಲ್ಕು ವರ್ಷದ ಹಿಂದೆ ಬಂದಿತ್ತಲ್ಲ ಕಾಲಾಜ್ವರ, ಅದೇ ಚರ್ಮದಲ್ಲಿ ಉಳ್ಕೊಂಡಿದೆ" ಅಂದಳು.

ಹನ್ನೆರಡು ವಾರ ಮಾತ್ರೆ. ಅದು ಮುಗಿಯುವವರೆಗೂ, ಆಮೇಲೂ ಕೆಲವು ತಿಂಗಳು ಬಸಿರಾಗಬಾರದಂತೆ. ನುಂಗಿದ ಕೂಡಲೇ ವಾಂತಿ. ಈಗ ಅತ್ತೆಯೇ ಗಂಜಿ ಹಿಡಿದು ಬಂದು, "ನುಂಗು ಮಹಾರಾಣಿ, ನಿನ್ನ ಮುಖ ನೋಡೋಳು ನಾನು ತಾನೆ" ಅನ್ನುತ್ತಾರೆ. ಗಂಟುಗಳು ಇಳಿಯುತ್ತಿವೆ.

ನಿನ್ನ ಮಗಳು ಟುನಿಯಾಳನ್ನು ನನ್ನ ಮಡಿಲಲ್ಲಿ ಬಿಟ್ಟು ಹೋಗಿದ್ದಕ್ಕೆ ನಿನಗೆ ಚಿಂತೆಯೇ ಇರಲಿಲ್ಲ ಎಂದು ಬರೆದಿದ್ದೀಯ. ಭಾದ್ರಪದದಲ್ಲಿ ಅದೇ ಹಾಳು ಕಾಲಾಜ್ವರ ಅವಳನ್ನು ಒಯ್ದಾಗ ಅವಳ ಕೈಕಾಲು ಕಡ್ಡಿಯಾಗಿದ್ದವು, ಹೊಟ್ಟೆ ಮಾತ್ರ ಊದಿತ್ತು. "ಮೌಸಿ, ಅಮ್ಮ ಛಠ್ ಹಬ್ಬಕ್ಕೆ ಬರ್ತಾಳಾ?" ಅಂತ ಕೇಳಿದ್ದಳು. ಬರ್ತಾಳೆ ಅಂದೆ. ಅವಳ ಈ ಮಾತನ್ನು ನಿನಗೆ ಹೇಳಿರಲಿಲ್ಲ.

ಭಾವನಿಗೆ ನಮಸ್ಕಾರ. ಪುಟ್ಟ ದೀಪುವಿಗೆ ನೂರು ವರ್ಷ ಆಯುಸ್ಸಿರಲಿ, ಅವನ ಮೈಗೆ ಒಂದು ಸೊಳ್ಳೆಯೂ ಸೋಕದಿರಲಿ.

ನಿನ್ನ
ಕುಸುಮಿ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಮಗುವಿಗೆ ಹೇಗೆ ಬಂತು ಎಂದು ಡಾಕ್ಟರಮ್ಮನನ್ನು ಕೇಳಿದೆ. "ರೋಗದ ಕ್ರಿಮಿ ಮಚ್ಚೆಯಲ್ಲೇ ಇರ್ತದೆ. ಮರಳುನೊಣ ನಿನ್ನ ಕಚ್ಚಿ ಪಕ್ಕದವರನ್ನೂ ಕಚ್ಚಿದ್ರೆ ಅವರಿಗೂ ಬರಬಹುದು. ನಿನ್ನಿಂದಲೇ ಅಂತ ಯಾರೂ ಹೇಳೋಕಾಗಲ್ಲ" ಅಂದಳು. ದೀದಿ, ಟುನಿಯಾ ಮಲಗುತ್ತಿದ್ದದ್ದು ನನ್ನ ಮಂಚದಲ್ಲೇ. ಮಚ್ಚೆ ತೋರಿಸಲು ಬಾ ಎಂದು ಆಶಾ ಕಾರ್ಯಕರ್ತೆ ದುಲಾರೋ ಎರಡು ವರ್ಷದ ಹಿಂದೆಯೇ ಕರೆಯಲು ಬಂದಿದ್ದಳು. ಊರವರು ಕುಷ್ಠ ಅಂದಾರು ಎಂದು ಹೆದರಿ, ಎಣ್ಣೆ ಸಿಡಿದ ಕಲೆ ಎಂದು ಕಳಿಸಿದೆ. ಎರಡನೆಯ ಸಲ ಬಂದಾಗ ನಾನು ಕಣಜದ ಹಿಂದೆ ಅಡಗಿದ್ದೆ. ಬಾಗಿಲಿಗೆ ಹೋಗಿ "ಮೌಸಿ ಮನೇಲಿಲ್ಲ" ಅಂದವಳು ಟುನಿಯಾ. ಹೇಳಿಕೊಟ್ಟವಳು ನಾನು.